ವಿಂಡೋಸ್ 10 ಮುಗಿಯಿತು, ಗಲ್ಲೆಯ ಲ್ಯಾಪ್‌ಟಾಪ್ ಮುಗಿದಿಲ್ಲ

ಕಾರ್ತಿಕ ಮಾಸದಲ್ಲಿ ಡೊಂಬಿವಲಿಯ ಸೋದರಮಾವನ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟವಾಗಿ ಎಲ್ಲರೂ ಹಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಾಗ ಮಾವ ಮಾತು ತೆಗೆದರು. "ಹೋಟೆಲಿನ ಗಲ್ಲೆಯಲ್ಲಿ ಇದೆಯಲ್ಲ ಲ್ಯಾಪ್‌ಟಾಪು, ಅದು ದಿನಾ ಬೆಳಿಗ್ಗೆ ಒಂದು ನೋಟೀಸು ತೋರಿಸ್ತದೆ ಮಾರಾಯ. ವಿಂಡೋಸ್ 10ಕ್ಕೆ ಇನ್ನು ಅಪ್‌ಡೇಟ್ ಇಲ್ಲವಂತೆ. ರಿಪೇರಿಯವನ ಹತ್ರ ಕೇಳಿದರೆ ಬಿಸಾಡಿ ಹೊಸತು ತೆಗೊಳ್ಳಿ ಅಂದ. ನಿನ್ನೆವರೆಗೆ ಸರಿ ಇದ್ದದ್ದು ಇವತ್ತು ಹೇಗೆ ಹಾಳಾಗ್ತದೆ?"

ಉತ್ತರಗಳಿಗೇನೂ ಬರವಿರಲಿಲ್ಲ. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ಅಣ್ಣನ ಮಗ "ಲಿನಕ್ಸ್ ಹಾಕಿಸಿಬಿಡಿ ಅಜ್ಜ, ದುಡ್ಡೇ ಬೇಡ" ಅಂದ. ಅಂಧೇರಿಯಲ್ಲಿ ವಿಡಿಯೋ ಎಡಿಟಿಂಗ್ ಮಾಡುವ ತಂಗಿ, ಒಮ್ಮೆ ಮ್ಯಾಕ್ ಮುಟ್ಟಿದವರು ಹಿಂದೆ ತಿರುಗಿ ನೋಡುವುದಿಲ್ಲ ಅಂದಳು. ಲೆಕ್ಕ ಬರೆಯುವ ಭಾವನಿಗೆ ವಿಂಡೋಸ್ ಬಿಟ್ಟರೆ ಬೇರೆ ಲೋಕವಿಲ್ಲ. ಅತ್ತೆ ಮಾತ್ರ ಎಲೆ ಅಡಿಕೆ ತಟ್ಟೆ ಮುಂದಿಡುತ್ತಾ "ಎಲ್ಲ ಮೊಬೈಲಲ್ಲೇ ಆಗ್ತದಲ್ಲ" ಅಂದರು.

ನಾಲ್ವರೂ ಹೇಳಿದ್ದು ಸುಳ್ಳಲ್ಲ. ಅವರವರ ಕೆಲಸಕ್ಕೆ ಅದೇ ಸರಿ. ಆದರೆ ಆ ಲ್ಯಾಪ್‌ಟಾಪಿನಲ್ಲಿ ಮಾವ ಏನು ಮಾಡುತ್ತಾರೆ ಎಂದು ಒಬ್ಬರೂ ಕೇಳಲಿಲ್ಲ. ವಿಂಡೋಸ್, ಲಿನಕ್ಸ್, ಮ್ಯಾಕ್‌ನಂಥ ಆಪರೇಟಿಂಗ್ ಸಿಸ್ಟಂ ಬಗ್ಗೆ ಯಾರಾದರೂ ಸಲಹೆ ಕೇಳಿದಾಗ ನಾನು ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಹತ್ತು ಕೆಲಸದಲ್ಲಿ ಒಂಬತ್ತು ಎಲ್ಲಿ ಬೇಕಾದರೂ ನಡೆಯುತ್ತವೆ, ಯಾವುದೋ ಒಂದು ಮಾತ್ರ ಜಾಗ ಬಿಟ್ಟು ಅಲುಗುವುದಿಲ್ಲ. ಆ ಒಂದನ್ನು ಮೊದಲು ಪತ್ತೆ ಹಚ್ಚಬೇಕು.

ಅದಕ್ಕೆ ಮುಂಚೆ ಈ ಆಪರೇಟಿಂಗ್ ಸಿಸ್ಟಂ ಮಾಡುವ ಕೆಲಸವೇನು ಎಂಬುದು ತಿಳಿಯಬೇಕಲ್ಲ. ಮಾವನಿಗೆ ಹೋಟೆಲಿನ ಲೆಕ್ಕದಲ್ಲೇ ಹೇಳಿದೆ. ಬೆಳಿಗ್ಗೆ ಎಂಟು ಗಂಟೆ, ಲೋಕಲ್ ಹಿಡಿಯುವವರ ಅವಸರ. ದೋಸೆಯ ಕಾವಲಿ ಒಂದೇ, ಆರ್ಡರ್ ಮಾತ್ರ ಹದಿನೈದು ಟೇಬಲಿನಿಂದ. ಹಾಗೆಂದು ಯಾವ ಗಿರಾಕಿಯೂ ಎದ್ದು ಅಡುಗೆಮನೆಗೆ ಹೋಗಿ ತಾನೇ ಹಿಟ್ಟು ಹುಯ್ದುಕೊಳ್ಳುವುದಿಲ್ಲ. ಯಾರ ದೋಸೆ ಮೊದಲು, ಯಾವ ಟೇಬಲ್ ಖಾಲಿ, ಉಗ್ರಾಣದಿಂದ ಏನು ಬರಬೇಕು ಎಂಬುದನ್ನೆಲ್ಲ ಒಬ್ಬ ಮ್ಯಾನೇಜರ್ ನಿಂತು ನಡೆಸುತ್ತಾನೆ. ಕಂಪ್ಯೂಟರಿನಲ್ಲಿ ಆ ಮ್ಯಾನೇಜರ್ ಅಂದರೆ ಆಪರೇಟಿಂಗ್ ಸಿಸ್ಟಂ. ಕಾವಲಿ ಪ್ರಾಸೆಸರ್, ಟೇಬಲ್‌ಗಳು ರ‍್ಯಾಮ್, ಉಗ್ರಾಣ ಹಾರ್ಡ್ ಡಿಸ್ಕ್. ಕ್ರೋಮ್ ಬ್ರೌಸರ್, ಲೆಕ್ಕ ಬರೆಯುವ ಟ್ಯಾಲಿ, ಎಕ್ಸೆಲ್ ಎಲ್ಲವೂ ಗಿರಾಕಿಗಳು. ಗ್ರೈಂಡರಿನ ಗುಣ ಬಲ್ಲ ಹುಡುಗನೊಬ್ಬ ಇರುತ್ತಾನಲ್ಲ, ಹಾಗೆ ಪ್ರಿಂಟರ್, ವೈಫೈ, ಕ್ಯಾಮೆರಾ ಒಂದೊಂದರ ಗುಣ ಬಲ್ಲ ಸಣ್ಣ ಪ್ರೋಗ್ರಾಂಗಳಿರುತ್ತವೆ. ಅವಕ್ಕೆ ಡ್ರೈವರ್ ಎನ್ನುತ್ತಾರೆ.

ಇದರಿಂದ ಎರಡು ವಿಷಯ ತಾನಾಗಿ ತಿಳಿಯುತ್ತವೆ. ಒಂದು, ವಿಂಡೋಸಿಗೆ ಬರೆದ ಪ್ರೋಗ್ರಾಂ ಲಿನಕ್ಸಿನಲ್ಲಿ ನೇರವಾಗಿ ಯಾಕೆ ಓಡುವುದಿಲ್ಲ ಎಂಬುದು. ಪ್ರತಿ ಮ್ಯಾನೇಜರನಿಗೂ ಆರ್ಡರ್ ಕೊಡುವ ಭಾಷೆ ಬೇರೆ. "ಈ ಫೈಲ್ ತೆರೆದುಕೊಡು" ಎಂದು ವಿಂಡೋಸನ್ನು ಕೇಳುವ ರೀತಿಯೇ ಬೇರೆ, ಲಿನಕ್ಸನ್ನು ಕೇಳುವ ರೀತಿಯೇ ಬೇರೆ. ನಡುವೆ ನಿಂತು ಅನುವಾದಿಸುವ ವೈನ್ ಎಂಬ ಸಾಧನ ಉಂಟು. ಕೆಲವು ಪ್ರೋಗ್ರಾಂಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ, ಕೆಲವಕ್ಕೆ ಅರ್ಧಂಬರ್ಧ. ಹಣಕಾಸಿನ ಕೆಲಸವನ್ನು ಅದರ ಮೇಲೆ ನಿಲ್ಲಿಸಲು ನನಗೆ ಧೈರ್ಯವಿಲ್ಲ.

ಎರಡು, ಹಳೆ ಕಂಪ್ಯೂಟರ್ ನಿಧಾನವಾಗುವುದು ಯಾಕೆ ಎಂಬುದು. ಟೇಬಲ್ ತುಂಬಿದೆ, ಗಿರಾಕಿ ಬರುತ್ತಲೇ ಇದ್ದಾರೆ. ಆಗ ಮ್ಯಾನೇಜರ್ ಯಾರದ್ದೋ ತಟ್ಟೆ ಎತ್ತಿ ಉಗ್ರಾಣದಲ್ಲಿಟ್ಟು ಇನ್ನೊಬ್ಬರನ್ನು ಕೂರಿಸುತ್ತಾನೆ. ಮೊದಲಿನವರು ಕೇಳಿದಾಗ ಮತ್ತೆ ಅದನ್ನು ಹುಡುಕಿ ತರುತ್ತಾನೆ. ಮಾವನ ಲ್ಯಾಪ್‌ಟಾಪಿನಲ್ಲಿದ್ದ ರ‍್ಯಾಮ್ 4 ಜಿಬಿ. ಕ್ರೋಮಿನಲ್ಲಿ ಆರು ಟ್ಯಾಬ್ ತೆರೆದರೆ ಟೇಬಲೆಲ್ಲ ಭರ್ತಿ. ಉಗ್ರಾಣವೋ ತಿರುಗುವ ಹಳೆ ಹಾರ್ಡ್ ಡಿಸ್ಕ್, ಅಲ್ಲಿಂದ ಒಂದೊಂದು ತಟ್ಟೆ ತರುವುದಕ್ಕೂ ಯುಗ ಬೇಕು. ಇಂಥ ಯಂತ್ರಕ್ಕೆ ರ‍್ಯಾಮನ್ನು 8 ಜಿಬಿ ಮಾಡಿ, ಹಾರ್ಡ್ ಡಿಸ್ಕ್ ಜಾಗದಲ್ಲಿ ತಿರುಗುವ ಭಾಗವಿಲ್ಲದ, ವೇಗದ ಎಸ್‌ಎಸ್‌ಡಿ ಹಾಕಿದರೆ ಅರ್ಧಕ್ಕರ್ಧ ದೂರುಗಳು ಅಲ್ಲೇ ಮುಗಿಯುತ್ತವೆ, ಓಎಸ್ (ಆಪರೇಟಿಂಗ್ ಸಿಸ್ಟಂ) ಯಾವುದೇ ಇರಲಿ. ಗ್ರ್ಯಾಂಟ್ ರೋಡಿನ ಲ್ಯಾಮಿಂಗ್ಟನ್ ರಸ್ತೆಯಲ್ಲಿ ಇವೆರಡೂ ಕೈಗೆ ಸಿಗುತ್ತವೆ. ಲ್ಯಾಪ್‌ಟಾಪಿನ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಅವುಗಳಲ್ಲಿ ಬದಲಿಸಲು ಬರುವುದಿಲ್ಲ.

ಇನ್ನು ಆ ನೋಟೀಸಿನ ವಿಷಯ. ವಿಂಡೋಸ್ 10 ಬಂದದ್ದು 2015ರ ಜುಲೈ 29ರಂದು. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಮಾರನೆಯ ದಿನ ಯಾವ ಕಂಪ್ಯೂಟರೂ ನಿಂತುಹೋಗಲಿಲ್ಲ. ನಿಂತದ್ದು ತೇಪೆ ಹಾಕುವ ಕೆಲಸ. ಇಷ್ಟು ದೊಡ್ಡ ಪ್ರೋಗ್ರಾಮಿನಲ್ಲಿ ಕಳ್ಳರು ನುಗ್ಗಬಹುದಾದ ಕಿಂಡಿಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ. ತಿಂಗಳು ತಿಂಗಳು ಬರುವ ಅಪ್‌ಡೇಟ್ ಅವನ್ನು ಮುಚ್ಚುತ್ತಿತ್ತು. ಇನ್ನು ಹೊಸ ಕಿಂಡಿ ಕಂಡರೆ ಅದು ತೆರೆದೇ ಇರುತ್ತದೆ.

ಅಪ್‌ಡೇಟ್ ಅಂದರೆ ಕಿರಿಕಿರಿ ಎಂದುಕೊಂಡವರಿಗೆ 2017 ನೆನಪಿಸಬೇಕು. ಆ ವರ್ಷ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಂವೇರ್ ಹಲವಾರು ದೇಶಗಳಲ್ಲಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಅದು ನುಗ್ಗಿದ ಕಿಂಡಿಗೆ ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ತೇಪೆ ಕೊಟ್ಟಾಗಿತ್ತು. ಹಾಕಿಕೊಂಡವರು ಉಳಿದರು, ನಾಳೆ ನೋಡೋಣ ಎಂದವರು ಸಿಕ್ಕಿಬಿದ್ದರು. ಜೂನ್ ಕೊನೆಯಲ್ಲಿ ನಾಟ್‌ಪೆಟ್ಯಾ ಬಂತು. ಅದು ಹರಡಿದ ದಾರಿಗಳಲ್ಲಿ ಇದೇ ಕಿಂಡಿಯೂ ಒಂದು. ಆಗ ನಮ್ಮ ನವಿ ಮುಂಬಯಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲಿನಲ್ಲೇ ಕಂಟೇನರ್ ಕೆಲಸ ಅಸ್ತವ್ಯಸ್ತವಾಯಿತು. ಅಷ್ಟು ದೊಡ್ಡ ಬಂದರಿನ ಪಾಡೇ ಹೀಗಾದರೆ, ನೆಟ್‌ಬ್ಯಾಂಕಿಂಗ್ ಮಾಡುವ ಗಲ್ಲೆಯ ಲ್ಯಾಪ್‌ಟಾಪನ್ನು ತೇಪೆಯಿಲ್ಲದೆ ಇಂಟರ್‌ನೆಟ್ಟಿಗೆ ಬಿಡಬಾರದು. ಇದರಲ್ಲಿ ನನಗೆ ಎರಡು ಮಾತಿಲ್ಲ.

ಹಾಗಾದರೆ ವಿಂಡೋಸ್ 11 ಹಾಕಿದರಾಯಿತಲ್ಲ? 2021ರ ಅಕ್ಟೋಬರಿನಲ್ಲಿ ಬಂದ ಅದು ಎರಡು ವಿಷಯದಲ್ಲಿ ಹಟ ಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಟಿಪಿಎಂ 2.0 ಇರಬೇಕು. ಗುಪ್ತ ಕೀಲಿಗಳನ್ನು ಬೇರೆ ಪ್ರೋಗ್ರಾಂಗಳ ಕೈಗೆ ಸಿಗದಂತೆ ಕಾಪಾಡುವ ಸಣ್ಣ ತಿಜೋರಿ ಅದು. ಜೊತೆಗೆ ಪ್ರಾಸೆಸರ್ ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರಬೇಕು. ಇಂಟೆಲ್ ಆದರೆ ಸುಮಾರಾಗಿ ಎಂಟನೇ ತಲೆಮಾರಿನದು ಅಥವಾ ಅದರ ನಂತರದ್ದು, ಅಂದರೆ 2017ರ ಕೊನೆಯಿಂದ ಈಚೆಗಿನದು. ಮಾವನದ್ದು 2016ರ ಲ್ಯಾಪ್‌ಟಾಪು, ಆರನೇ ತಲೆಮಾರು. ಎಷ್ಟೇ ಗಟ್ಟಿಯಾಗಿದ್ದರೂ ಬಾಗಿಲಲ್ಲೇ ತಡೆ. ಈ ತಡೆಯನ್ನು ದಾಟಿಸುವ ಕಳ್ಳದಾರಿಗಳನ್ನು ಅಂಗಡಿಗಳಲ್ಲಿ ಹೇಳಿಕೊಡುತ್ತಾರೆ. ಪಟ್ಟಿಯಲ್ಲಿಲ್ಲದ ಯಂತ್ರಕ್ಕೆ ಅಪ್‌ಡೇಟ್ ಕೊಡುತ್ತೇವೆಂಬ ಭರವಸೆ ಇಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಯಾಗಿದೆ. ಅಪ್‌ಡೇಟಿಗಾಗಿಯೇ ಬದಲಾಯಿಸಿ ಕೊನೆಗೆ ಅದೇ ಖಾತ್ರಿಯಿಲ್ಲದಿದ್ದರೆ ಏನು ಬಂತು? ಮನೆ ಬಳಕೆಯವರಿಗೆ ಒಂದು ವರ್ಷದ ವಾಯಿದೆ ಉಂಟು, 2026ರ ಅಕ್ಟೋಬರ್ 13ರವರೆಗೆ ಹೆಚ್ಚುವರಿ ಸುರಕ್ಷತಾ ಅಪ್‌ಡೇಟ್. ಆ ಅವಧಿಯನ್ನು ಯೋಚಿಸುವುದಕ್ಕೆ ಮತ್ತು ಫೈಲುಗಳನ್ನು ಸರಿಯಾಗಿ ಎತ್ತಿಡುವುದಕ್ಕೆ ಬಳಸಬೇಕು.

ದುಡ್ಡು ಕೊಡದ ವಿಂಡೋಸನ್ನು ಅಸಲಿಯಂತೆ ನಡೆಸುವ ಆಕ್ಟಿವೇಟರ್ ಎಂಬ ಪ್ರೋಗ್ರಾಂ ಹಾಕಿಕೊಡುವವರ ಬಗ್ಗೆಯೂ ಒಂದು ಮಾತು. ಅದನ್ನು ಓಡಿಸುವ ಮೊದಲು "ಆಂಟಿವೈರಸ್ ಸ್ವಲ್ಪ ಆಫ್ ಮಾಡಿ" ಅನ್ನುತ್ತಾರೆ. ಕಾವಲುಗಾರನನ್ನು ಮನೆಗೆ ಕಳುಹಿಸಿ ಅಪರಿಚಿತನಿಗೆ ಗಲ್ಲೆಯ ಬೀಗದ ಕೈ ಕೊಟ್ಟಂತೆ ಅದು. ದಯವಿಟ್ಟು ಬೇಡ.

ಪೂಜೆಯ ದಿನ ಹೇಳಿದವರ ಮಾತಿಗೆ ಬರೋಣ. ಭಾವ ವಿಂಡೋಸ್ ಬಿಡದಿರುವುದಕ್ಕೆ ಕಾರಣ ಟ್ಯಾಲಿ. ಅದು ವಿಂಡೋಸಿಗೆಂದೇ ಬರೆದ ತಂತ್ರಾಂಶ. ಅದರ ಜೊತೆ ಕಂಪನಿಗಳ ಜಿಎಸ್‌ಟಿ ರಿಟರ್ನಿಗೆ ಡಿಜಿಟಲ್ ಸಹಿಯ ಟೋಕನ್, ಅಂದರೆ ಪೆನ್‌ಡ್ರೈವಿನಂತೆ ಚುಚ್ಚುವ ಸಣ್ಣ ಸಾಧನ, ಬೇಕು. ದಿನವಿಡೀ ಅದೇ ಕೆಲಸವಾದವರು ಹೊಸ ವಿಂಡೋಸ್ ಲ್ಯಾಪ್‌ಟಾಪ್ ಕೊಳ್ಳುವುದು ಸರಿಯಾದ ಖರ್ಚೇ. ತಂಗಿಯ ಮಾತೂ ಹಾಗೆಯೇ. 2020ರ ನವೆಂಬರಿನಲ್ಲಿ ಆಪಲ್ ತನ್ನದೇ ಎಂ1 ಚಿಪ್ ಹಾಕಿದ ಮೇಲೆ ಮ್ಯಾಕ್‌ಬುಕ್ಕಿನ ವೇಗ, ಬ್ಯಾಟರಿ ಎರಡೂ ಬೇರೆ ಮಟ್ಟಕ್ಕೆ ಹೋದವು. ಅವಳು ಬಳಸುವ ಫೈನಲ್ ಕಟ್ ಪ್ರೋ ಬೇರೆ ಲ್ಯಾಪ್‌ಟಾಪಿನಲ್ಲಿ ಸಿಗುವುದೇ ಇಲ್ಲ. ಆದರೆ ಈಗಿನ ಮ್ಯಾಕ್‌ಬುಕ್ಕಿನಲ್ಲಿ ರ‍್ಯಾಮನ್ನು ಆಮೇಲೆ ಹೆಚ್ಚಿಸಲಾಗದು, ಕೊಳ್ಳುವಾಗಲೇ ಲೆಕ್ಕ ಹಾಕಬೇಕು. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಇಂಟೆಲ್ ಮ್ಯಾಕ್ ಕೊಳ್ಳಬೇಡಿ. 2025ರಲ್ಲಿ ಬಂದ ಮ್ಯಾಕ್‌ಓಎಸ್ ತಾಹೋ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ. ಬ್ರೌಸರಿನಲ್ಲೇ ಎಲ್ಲ ಮುಗಿಸುವ ಶಾಲೆಯ ಮಕ್ಕಳಿಗೆ ಕ್ರೋಮ್‌ಬುಕ್ ಆಗುತ್ತದೆ. ಸೆಕೆಂಡ್‌ಹ್ಯಾಂಡ್ ಆದರೆ ಅದರ ಅಪ್‌ಡೇಟ್ ಮುಗಿಯುವ ತಾರೀಕನ್ನು ಸೆಟ್ಟಿಂಗಿನಲ್ಲಿ ನೋಡಿಯೇ ದುಡ್ಡು ಕೊಡಿ.

ಲಿನಕ್ಸ್ ಬಗ್ಗೆ ಹೆಚ್ಚು ಹೇಳಬೇಕು, ಯಾಕೆಂದರೆ ತಪ್ಪು ತಿಳಿವಳಿಕೆ ಹೆಚ್ಚಿರುವುದೂ ಅಲ್ಲೇ. 1991ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಕರ್ನೆಲ್ ಅದು, ಮ್ಯಾನೇಜರನ ಮಿದುಳು ಅನ್ನಿ. ಅದರ ಮೇಲೆ ಪರದೆ, ಮೆನು, ಕಡತ ತೆರೆಯುವ ಸಲಕರಣೆ ಎಲ್ಲ ಜೋಡಿಸಿ ಬೇರೆ ಬೇರೆ ತಂಡಗಳು ಹಂಚುತ್ತವೆ. ಉಬುಂಟು, ಮಿಂಟ್, ಫೆಡೋರಾ ಎಂಬವೆಲ್ಲ ಹೀಗೆ ಬಂದವು. ಹಿಟ್ಟು ಒಂದೇ, ಮಸಾಲೆ, ಸೆಟ್, ಉದ್ದಿನ ದೋಸೆ ಬೇರೆ ಬೇರೆಯಾದ ಹಾಗೆ. ಕಷ್ಟದ್ದು, ಕಂಪ್ಯೂಟರ್ ಓದಿದವರಿಗೆ ಮಾತ್ರ ಎನ್ನುವವರ ಕಿಸೆಯಲ್ಲೇ ಅದು ಇರುತ್ತದೆ, ಆಂಡ್ರಾಯ್ಡ್ ಫೋನಿನ ಕರ್ನೆಲ್ ಲಿನಕ್ಸೇ. ಪುಣೆಯ ಪಾಷಾಣ್‌ನಲ್ಲಿ ಉಷ್ಣವಲಯ ಹವಾಮಾನ ಸಂಸ್ಥೆಯ ಸೂಪರ್ ಕಂಪ್ಯೂಟರ್ ಮಳೆಯ ಲೆಕ್ಕ ಹಾಕುವುದೂ ಲಿನಕ್ಸ್ ಮೇಲೆ. 2017ರ ನವೆಂಬರಿನಿಂದ ಈಚೆಗೆ ಜಗತ್ತಿನ ಮೊದಲ 500 ಸೂಪರ್ ಕಂಪ್ಯೂಟರುಗಳ ಪಟ್ಟಿಯಲ್ಲಿ ಬೇರೆ ಓಎಸ್ ಇಲ್ಲ. ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ನಮ್ಮ ಸಿ-ಡ್ಯಾಕ್ ಕೂಡ ಬಾಸ್ ಎಂಬ ಲಿನಕ್ಸ್ ತಂದಿದೆ. ಹೊಸಬರಿಗೆ ನಾನು ಮಿಂಟ್ ಹೇಳುತ್ತೇನೆ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ವಿಂಡೋಸ್ 7 ಕಂಡವರಿಗೆ ಹೊಸತೆನಿಸುವುದಿಲ್ಲ. ಸಿಕ್ಕಿಬಿದ್ದಾಗ ಕೇಳಿದರೆ ಹೇಳುವವರೂ ಬೇಕಾದಷ್ಟು ಸಿಗುತ್ತಾರೆ.

ನಮ್ಮವರು ಅನುಮಾನಿಸುವುದು ಕನ್ನಡದ ವಿಷಯದಲ್ಲಿ. "ಅದರಲ್ಲಿ ನುಡಿ ಬರ್ತದಾ?" ಮುಂಬಯಿಯಲ್ಲಿ ಸಂಘದ ಕೆಲಸ ಮಾಡುವವರೆಲ್ಲ ಕೇಳುವ ಮೊದಲ ಪ್ರಶ್ನೆ. ನುಡಿ, ಬರಹ ಎರಡೂ ಕನ್ನಡ ಟೈಪ್ ಮಾಡುವ ತಂತ್ರಾಂಶಗಳು. ನಮ್ಮ ಸಂಘದ ಕಾರ್ಯದರ್ಶಿಗಳು ಇಪ್ಪತ್ತು ವರ್ಷದ ಸಭೆಯ ನಡಾವಳಿಗಳನ್ನು ಒಂದು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದರು. ಮಿಂಟ್ ಇದ್ದ ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದರೆ, "ಕನ್ನಡ" ಎಂದು ಇರಬೇಕಾದಲ್ಲಿ ಇಂಗ್ಲಿಷಿನ ಪಿ, ಅದರ ಪಕ್ಕ ನೆತ್ತಿಯ ಮೇಲೊಂದು ಓರೆ ಗೀಟಿರುವ ಎ, ಆಮೇಲೆ ಬ್ರಿಟಿಷ್ ಪೌಂಡಿನ ಚಿಹ್ನೆ. ಅವರ ಮುಖ ಬಾಡಿಹೋಯಿತು. ಎಲ್ಲ ಹಾಳಾಯಿತೆಂದೇ ತಿಳಿದರು.

ಹಾಳಾಗಿರಲಿಲ್ಲ. ಹಳೆಯ ನುಡಿ, ಬರಹ ಕಡತಗಳಲ್ಲಿ ಶೇಖರವಾಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳೇ. ಆ ಫಾಂಟ್ ಮಾತ್ರ ಪಿ ಜಾಗದಲ್ಲಿ ಕಕಾರದ ಕೆಳಭಾಗವನ್ನೂ ಗೀಟಿನ ಎ ಜಾಗದಲ್ಲಿ ತಲೆಕಟ್ಟನ್ನೂ ಚಿತ್ರಿಸುತ್ತದೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ವೇಷ ಕಳಚಿ ಒಳಗಿನದು ಕಾಣುತ್ತದೆ. ವಿಂಡೋಸಿನಲ್ಲೂ ಫಾಂಟ್ ತೆಗೆದರೆ ಇದೇ ಗತಿ. ಹಾಗಾಗಿ ಇದು ಲಿನಕ್ಸಿನ ದೋಷವಲ್ಲ. ಎಲ್ಲ ಲಿಪಿಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಕೊಡುವ ಯುನಿಕೋಡಿನಲ್ಲಿ ಕ ಎಂಬುದಕ್ಕೇ ಒಂದು ಸ್ವಂತ ಸಂಖ್ಯೆಯಿದೆ, ಯಾವ ಓಎಸ್‌ನಲ್ಲಿ ತೆರೆದರೂ ಅದು ಕ. ಹಳೆಯದನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಕಣ್ಣಾಡಿಸಲೇಬೇಕು, ಅರ್ಕಾವೊತ್ತು ಇರುವ ಪದಗಳನ್ನು ಹೆಚ್ಚು ಎಚ್ಚರದಿಂದ. ಹಳೆ ಫಾಂಟಿನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರಬೇಕು. "ಕಾರ್ಯದರ್ಶಿ" ಎಂಬ ಪದದಲ್ಲೇ ಎರಡು ಸಲ ಎಡವಲು ಅವಕಾಶ.

ಟೈಪಿಂಗಿಗೆ ಮಿಂಟಿನಲ್ಲಿ ಕೀಬೋರ್ಡ್ ಲೇಔಟಿಗೆ ಹೋಗಿ ಕನ್ನಡ ಕಗಪ ಸೇರಿಸಿದರಾಯಿತು. ನುಡಿಯಲ್ಲಿ ಬೆರಳಿಗೆ ಒಗ್ಗಿದ ಕೆ.ಪಿ. ರಾವ್ ಅವರ ವಿನ್ಯಾಸವೇ ಅದು. ಕೆ, ಎನ್, ಎಫ್, ಎನ್, ಡಬ್ಲ್ಯು ಒತ್ತಿದರೆ ಕನ್ನಡ. ಕಾರ್ಯದರ್ಶಿಗಳು ಐದು ಕೀ ಒತ್ತಿ ನೋಡಿ ಪೂರ್ತಿ ಹಗುರಾದರು. ಮರಾಠಿಯನ್ನೂ ಬರೆಯಬೇಕಾದ ಮುಂಬಯಿ, ಪುಣೆಯವರಿಗೆ ನಾನು ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ಲೇಔಟ್ ಕಲಿಯಿರಿ ಎನ್ನುತ್ತೇನೆ. ಅದರಲ್ಲಿ ಕನ್ನಡದ ಕ ಇರುವ ಕೀಲಿಯಲ್ಲೇ ದೇವನಾಗರಿಯ ಕ, ನ ಇರುವಲ್ಲೇ ನ. ಒಮ್ಮೆ ಬೆರಳು ಪಳಗಿದರೆ ಭಾಷೆ ಬದಲಾದರೂ ಬೆರಳು ಬದಲಾಗಬೇಕಿಲ್ಲ. ಭಾರತೀಯ ಲಿಪಿಗಳ ವರ್ಣಮಾಲೆ ಒಂದೇ ಕ್ರಮದ್ದು ಎಂಬುದನ್ನು ಇಷ್ಟು ಚೆನ್ನಾಗಿ ದುಡಿಸಿಕೊಂಡ ಏರ್ಪಾಡು ನನಗೆ ಬೇರೆ ಗೊತ್ತಿಲ್ಲ.

ಮಾವನ ಲ್ಯಾಪ್‌ಟಾಪಿಗೆ ಕೈ ಹಚ್ಚಿದ್ದು ಒಂದು ಸೋಮವಾರ ಮಧ್ಯಾಹ್ನ, ಊಟದ ಗಿರಾಕಿ ಕರಗಿದ ಮೇಲೆ. ಮೊದಲು ಕಾಗದದಲ್ಲಿ ಪಟ್ಟಿ. ಬಿಲ್ಲು ಬೇರೆ ಸಣ್ಣ ಮೆಷಿನ್ನಿನಲ್ಲಿ ಆಗುತ್ತದೆ. ಟ್ಯಾಲಿ ಇರುವುದು ಭಾವನ ಆಫೀಸಿನಲ್ಲಿ. ಮಾವನದ್ದು ಸ್ವಂತ ಮಾಲೀಕತ್ವದ ಹೋಟೆಲ್, ಆದ್ದರಿಂದ ಜಿಎಸ್‌ಟಿಗೆ ಫೋನಿಗೆ ಬರುವ ಓಟಿಪಿ ಸಾಕು, ಟೋಕನ್ ಬೇಡ. ಉಳಿದದ್ದು ಬ್ಯಾಂಕು, ತರಕಾರಿಯವರ ವಾಟ್ಸಾಪ್, ದಿನದ ಗಲ್ಲೆ ಲೆಕ್ಕದ ಎಕ್ಸೆಲ್, ಮೆನು ಪ್ರಿಂಟು, ಮಧ್ಯಾಹ್ನ ಯೂಟ್ಯೂಬಿನಲ್ಲಿ ಯಕ್ಷಗಾನ. "ಇಷ್ಟೇನಾ?" ಅಂದರು ಮಾವ, ಪಟ್ಟಿ ನೋಡಿ.

ಫೈಲುಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡೆವು. ಈ ಹೆಜ್ಜೆ ಬಿಟ್ಟರೆ ಮುಂದಿನದನ್ನು ಮುಟ್ಟಲೇಬಾರದು. ಮಿಂಟ್ ಬರೆದ 8 ಜಿಬಿ ಪೆನ್‌ಡ್ರೈವ್ ಚುಚ್ಚಿ, ಕಂಪ್ಯೂಟರ್ ಏಳುವಾಗ ಎಫ್12 ಒತ್ತಿ, ಪೆನ್‌ಡ್ರೈವಿನಿಂದಲೇ ಓಡಿಸಿದೆವು. ಹೀಗೆ ಓಡಿಸಿದಾಗ ಒಳಗಿನ ವಿಂಡೋಸಿಗೆ ಏನೂ ಆಗುವುದಿಲ್ಲ, ಪೆನ್‌ಡ್ರೈವ್ ಕಿತ್ತರೆ ಹಳೆಯದೇ ಬರುತ್ತದೆ. ಕೊಳ್ಳುವ ಮೊದಲು ರುಚಿ ನೋಡುವ ಈ ಸೌಕರ್ಯವನ್ನು ಯಾರೂ ಬಿಡಬಾರದು. ವೈಫೈ ಹಿಡಿಯಿತು. ಶಬ್ದ ಬಂತು. ಮುಚ್ಚಳ ಹಾಕಿ ತೆಗೆದಾಗ ಎದ್ದಿತು. ಕ್ಯಾಮೆರಾ ಸರಿ. ಎಂಟು ವರ್ಷದ ಲೇಸರ್ ಪ್ರಿಂಟರಿನ ತಂತಿ ಚುಚ್ಚಿದ ಒಂದು ನಿಮಿಷದಲ್ಲಿ ಅದರ ಹೆಸರು ಪರದೆಯ ಮೇಲೆ ಬಂತು. ಎಕ್ಸೆಲ್ ಕಡತ ಮಿಂಟಿನ ಜೊತೆಗೇ ಬರುವ ಲಿಬ್ರೆ ಆಫೀಸಿನಲ್ಲಿ ತೆರೆಯಿತು, ಕಾಲಮ್ಮುಗಳ ಅಗಲ ಮಾತ್ರ ಸ್ವಲ್ಪ ಹೆಚ್ಚುಕಡಿಮೆ. ಮಾವ ಮೊತ್ತದ ಸಾಲನ್ನು ತಾವೇ ಕ್ಯಾಲ್ಕುಲೇಟರ್ ಹಿಡಿದು ತಾಳೆ ನೋಡಿದರು. ಆಮೇಲೆ ಎಸ್‌ಎಸ್‌ಡಿ ಕೂರಿಸಿ ಅದರ ಮೇಲೆ ಮಿಂಟ್ ಸ್ಥಾಪಿಸಿದೆವು. ಹಳೆ ಹಾರ್ಡ್ ಡಿಸ್ಕನ್ನು ಅಳಿಸದೆ, ಚೀಟಿ ಅಂಟಿಸಿ ಕಪಾಟಿನಲ್ಲಿಟ್ಟೆವು.

ಸಂಘದ ಕಂಪ್ಯೂಟರಿಗೆ ಮಾತ್ರ ನಾನು ಲಿನಕ್ಸ್ ಹಾಕಲಿಲ್ಲ. ಅದರಲ್ಲಿ ಸ್ಮರಣ ಸಂಚಿಕೆಯ ಪುಟಗಳೆಲ್ಲ ಲಿನಕ್ಸಿಗೆ ಬಾರದ ಪೇಜ್‌ಮೇಕರ್ ಎಂಬ ಪುಟ ಜೋಡಿಸುವ ತಂತ್ರಾಂಶದಲ್ಲಿವೆ, ಹಳೆ ಫಾಂಟಿನಲ್ಲಿ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ, ನಮ್ಮ ಮುದ್ರಕರು ಈಗಲೂ ಅದನ್ನೇ ಕೇಳುತ್ತಾರೆ. ಅಲುಗದ ಒಂದು ಕೆಲಸ ಎಂದೆನಲ್ಲ, ಅಲ್ಲಿ ಅದು ಇದು. ಹಾಗಾಗಿ ಆ ಯಂತ್ರ ವಿಂಡೋಸ್ 10ರಲ್ಲೇ ಉಳಿದಿದೆ, ಇಂಟರ್‌ನೆಟ್ಟಿನ ತಂತಿ ಕಿತ್ತು. ಇಮೇಲ್ ಬರುವುದು ಪಕ್ಕದ ಮೇಜಿನ ಮಿಂಟ್ ಲ್ಯಾಪ್‌ಟಾಪಿಗೆ. ಅಲ್ಲಿಂದ ಲೇಖನಗಳನ್ನು ಇದಕ್ಕೆ ಒಯ್ಯಲು ಒಂದೇ ಒಂದು ಪೆನ್‌ಡ್ರೈವ್, ಬೇರೆ ಯಾವುದನ್ನೂ ಚುಚ್ಚುವಂತಿಲ್ಲ. ಕಾರ್ಯದರ್ಶಿಗಳು ಅದಕ್ಕೊಂದು ಕೆಂಪು ದಾರ ಕಟ್ಟಿ ಕೀಬೋರ್ಡಿನ ಪಕ್ಕ ಮೊಳೆಗೆ ನೇತುಹಾಕಿದ್ದಾರೆ.